ಸುಮ್ನೆ ಮನೇಲಿರುವವರ ಲೆಕ್ಕ

ಮನೆಯಿಂದ,
ಗುರುವಾರ, ಮೂರನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಪುಟ್ಟಿಯ ಅಮ್ಮನಿಗೆ,

ಹೇಗಿದ್ದೀಯೆ? ಬೆನ್ನುನೋವು ಕಡಿಮೆಯಾಯಿತೆ? ಹೊಲಿಗೆ ಕಾರ್ಖಾನೆಯವರು ಒರಗಿಕೊಳ್ಳುವ ಕುರ್ಚಿ ಕೊಡುತ್ತೇವೆ ಅಂದಿದ್ದರಲ್ಲ, ಕೊಟ್ಟರೋ, ಇಲ್ಲ ಬರೀ ಮೂಗಿಗೆ ತುಪ್ಪ ಸವರಿದರೋ? ಹಾಸ್ಟೆಲಿನ ಊಟ ಬಾಯಿಗೆ ಹಿಡಿಸದಿದ್ದರೂ ಹೊಟ್ಟೆ ಖಾಲಿ ಬಿಡಬೇಡ. ಇಲ್ಲಿ ನಾವಿಬ್ಬರೂ ಕ್ಷೇಮ. ಪುಟ್ಟಿಗೆ ಮುಂದಿನ ಹಲ್ಲೊಂದು ಬಿದ್ದಿದೆ, ‘ಸ’ ಅನ್ನಲು ಹೋದರೆ ಬರೀ ಗಾಳಿ ಬರುತ್ತದೆ. ಜಡೆ ಹಾಕುವುದು ನನಗೆ ಇನ್ನೂ ಸರಿಯಾಗಿ ಬರುವುದಿಲ್ಲ, ಒಂದು ಜಡೆ ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಶಾಲೆಯಲ್ಲಿ ಟೀಚರೇ ಬಿಚ್ಚಿ ಮತ್ತೆ ಹಾಕುತ್ತಾರಂತೆ. ಅಪ್ಪನಿಗೆ ಹೇಳಬೇಡ, ಬೇಜಾರು ಮಾಡಿಕೊಳ್ತಾರೆ ಅಂತ ತಾಕೀತು ಬೇರೆ ಮಾಡಿದ್ದಾರಂತೆ. ನಮ್ಮ ಮಗಳ ಬಾಯಲ್ಲಿ ಗುಟ್ಟು ನಿಲ್ಲುತ್ತದೆಯೆ!

ನನ್ನ ಹೊಸ ಕೆಲಸದ ಬಗ್ಗೆ ಕೇಳಿದ್ದೀಯ. ವಿಶ್ವವಿದ್ಯಾಲಯದ ಈ ಸಂಸ್ಥೆಯ ಹೆಸರು ನಾನು ಓಡಿಸುವ ಜೀಪಿಗಿಂತ ಉದ್ದ. ‘ಪ್ರಾದೇಶಿಕ ಆರ್ಥಿಕ ಅಭಿವೃದ್ಧಿ ಸಂಶೋಧನಾ ಸಂಸ್ಥೆ’ ಎಂದು ಬರೆಯಹೊರಟ ಪೇಂಟರಿಗೆ ಮುಂದಿನ ಬಾಗಿಲಲ್ಲಿ ಜಾಗ ಸಾಲದೆ ಅಭಿವೃದ್ಧಿ ಹಿಂದಿನ ಬಾಗಿಲಿಗೆ ಹೋಗಿದೆ. ಯಾರಾದರೂ ಆ ಬಾಗಿಲು ತೆರೆದರೆ ಅಭಿವೃದ್ಧಿ ಬೇರೆ ಕಡೆ ಮುಖ ತಿರುಗಿಸುತ್ತದೆ. ಕುರ್ಚಿಯಲ್ಲಿ ಕೂತು ಬರೆಯುವವರಿಗೆ ನಮ್ಮೂರಿನ ಕಷ್ಟಸುಖ ಏನು ಗೊತ್ತು ಅಂದುಕೊಂಡೇ ನಾನು ಕೆಲಸಕ್ಕೆ ಸೇರಿದ್ದು. ಈಗ ಆ ಮಾತನ್ನು ನುಂಗಿಕೊಂಡಿದ್ದೇನೆ. ಅವರ ಕೋಣೆಯ ಗೋಡೆಯ ತುಂಬ ನಕ್ಷೆ. ಯಾವ ಊರಿನ ಜನ ಕೆಲಸ ಹುಡುಕಿಕೊಂಡು ಯಾವ ಊರಿಗೆ ಹೋಗುತ್ತಾರೆ ಎಂದು ಗುಂಡುಸೂಜಿ ಚುಚ್ಚಿ ದಾರ ಎಳೆದಿದ್ದಾರೆ. ನಮ್ಮೂರಿನಿಂದ ನೀನಿರುವ ಊರಿಗೆ ಎಳೆದಿರುವುದು ಕೆಂಪು ದಾರ. ಮೊದಲ ದಿನ ಅದನ್ನು ನೋಡಿ ನೀರು ಕುಡಿಯುವ ನೆಪ ಮಾಡಿ ಹೊರಗೆ ಬಂದೆ.

ವಿಷಯ ಏನೆಂದರೆ, ಸರ್ಕಾರ ಈ ಕಡೆ ಒಂದು ದೊಡ್ಡ ಹೊಲಿಗೆ ಘಟಕ ತೆರೆಯುತ್ತದಂತೆ. ಹೊಲಿಯುವ ಕೈಗಳು ಎಲ್ಲಿ ಹೆಚ್ಚಿವೆಯೋ ಅಲ್ಲಿ. ಎಣಿಸಿ ಹೇಳುವ ಕೆಲಸ ನಮ್ಮ ಸಂಸ್ಥೆಯದು. ನಮ್ಮೂರಿಗೇ ಬಂದರೆ ನೀನು ಪುಟ್ಟಿಯನ್ನು ಶಾಲೆಗೆ ಬಿಟ್ಟು ನಡೆದೇ ಕೆಲಸಕ್ಕೆ ಹೋಗಬಹುದು. ಇದನ್ನೇ ಮನಸ್ಸಿನಲ್ಲಿ ಮಂಡಿಗೆ ತಿನ್ನುತ್ತ ಎರಡು ತಿಂಗಳು ಜೀಪು ಓಡಿಸಿದೆ. ಲೆಕ್ಕ ಬಂತು ನೋಡು: ನಮ್ಮೂರಿನ ಮುನ್ನೂರು ಮನೆಗಳಲ್ಲಿ ಹೊಲಿಯುವ ಹೆಂಗಸರು ಹನ್ನೊಂದು! ನದಿಯಾಚೆಯ ಊರಿನಲ್ಲಿ ಅರವತ್ತು.

ತಪ್ಪು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಫಾರಂ ಹಿಡಿದ ಹುಡುಗಿಯರು ಬಾಗಿಲಲ್ಲಿ ನಿಂತು “ಏನ್ ಕೆಲಸ ಮಾಡ್ತೀರಮ್ಮಾ?” ಎಂದು ಕೇಳುತ್ತಿದ್ದರು. ನಮ್ಮ ಮೂಲೆಮನೆಯ ಅಕ್ಕ ಏನಂದಳು ಗೊತ್ತೆ? “ಏನಿಲ್ಲಮ್ಮ, ಸುಮ್ನೆ ಮನೇಲಿದ್ದೀನಿ.” ಅಷ್ಟು ಹೇಳಬೇಕಾದರೆ ತುಟಿಗಳ ನಡುವಿನ ಸೂಜಿ ತೆಗೆಯಬೇಕಾಯಿತು! ತೊಡೆಯ ಮೇಲೆ ಗುಂಡಿ ಹಾಕಬೇಕಾದ ಹದಿನೆಂಟು ಅಂಗಿಗಳಿದ್ದವು. ಹುಡುಗಿ ಪಾಪ, ಹೇಳಿದ್ದನ್ನು ಬರೆದಳು: ‘ಕೆಲಸ ಇಲ್ಲ.’ ಮನೆಮನೆಯಲ್ಲೂ ಇದೇ ರಾಗ. ಇಲ್ಲಿಂದ ಹೊರಡುವ ಮುಂಚೆ ನೀನೂ ಹೀಗೇ ಹೇಳುತ್ತಿದ್ದೆ, ನಾನೂ ಹೌದಲ್ಲ ಅಂದುಕೊಳ್ಳುತ್ತಿದ್ದೆ. ಜಡೆ ಹಾಕಲು ಕೂತ ಮೇಲೆ ನನಗೆ ‘ಸುಮ್ನೆ’ ಅಂದರೆ ಏನೆಂದು ಗೊತ್ತಾಗಿದೆ.

ಹೇಳಲೋ ಬೇಡವೋ ಎಂದು ಒಂದು ವಾರ ಒದ್ದಾಡಿದೆ. ಡ್ರೈವರು ಕಣ್ಣು ತೆರೆದು ಬಾಯಿ ಮುಚ್ಚಿರಬೇಕು ಎನ್ನುವುದು ನಮ್ಮ ಕಸುಬಿನ ಮಾತು. ಮೇಲಾಗಿ ನನ್ನದು ಸ್ವಾರ್ಥದ ಮಾತು, ಕೆಲಸಕ್ಕೆ ಕುತ್ತು ಬಂದರೂ ಬರಬಹುದು. ಆದರೂ ಒಂದು ದಿನ ರೈಲ್ವೆ ಗೇಟು ಬಿದ್ದು ಜೀಪು ನಿಂತಿದ್ದಾಗ, ಸಂಸ್ಥೆಯ ಮುಖ್ಯಸ್ಥೆಗೆ (ನಾವೆಲ್ಲ ದೊಡ್ಡ ಮೇಡಂ ಅನ್ನುತ್ತೇವೆ) ಎಲ್ಲವನ್ನೂ ಹೇಳಿಬಿಟ್ಟೆ. “ನನ್ನ ಹೆಂಡ್ತಿ ವಾಪಸ್ ಬರ್ಲಿ ಅನ್ನೋ ಆಸೇನೂ ಇದೆ ಮೇಡಂ,” ಅಂತಲೂ ಸೇರಿಸಿದೆ. ಅವರು ಕನ್ನಡಕ ಒರೆಸಿಕೊಂಡು, “ಹಾಗಾದ್ರೆ ನಿಮ್ಮ ಮಾತು ನಾನು ನಂಬಲ್ಲ. ಜೀಪು ತಿರುಗ್ಸಿ, ನಾನೇ ನೋಡ್ತೀನಿ,” ಅಂದರು.

ಆ ಹೆಂಗಸನ್ನು ನಾನು ಮೆಚ್ಚಿದ್ದು ಆವತ್ತೇ. ಮೂಲೆಮನೆಯ ಅಕ್ಕನ ಹೊಸ್ತಿಲ ಪಕ್ಕ ಕೂತು, ಕೆಲಸದ ಮಾತೇ ಎತ್ತದೆ, “ನಿನ್ನೆ ಎದ್ದಾಗಿನಿಂದ ಮಲಗೋವರೆಗೂ ಏನೇನ್ ಮಾಡಿದ್ರಿ, ಹೇಳಿ,” ಎಂದು ಕೇಳಿದರು. ಅಕ್ಕ ಹೇಳುತ್ತ ಹೋದಳು, ಮೇಡಂ ಅವರ ಎರಡು ಹಾಳೆ ತುಂಬಿದವು. ಮಾರನೆಯ ದಿನ ಸಂಸ್ಥೆಯಲ್ಲಿ ಎಲ್ಲರ ಮುಂದೆ, “ತಪ್ಪು ಪ್ರಶ್ನೆ ಬರೆದಿದ್ದು ನಾನು. ಮತ್ತೆ ಶುರು ಮಾಡೋಣ,” ಅಂದರು. ಅಷ್ಟು ಓದಿದವರು ಅಷ್ಟು ಸಲೀಸಾಗಿ ತಪ್ಪೊಪ್ಪಿಕೊಂಡದ್ದನ್ನು ನಾನು ಕಂಡಿರಲಿಲ್ಲ. ಎರಡೂ ಊರಿನಲ್ಲಿ ಮೊದಲಿನಿಂದ ಎಣಿಸಿದರು. ನಮ್ಮೂರಿನ ಹನ್ನೊಂದು ಹೋಗಿ ನೂರಾ ಎಪ್ಪತ್ತೆರಡಾಯಿತು. ಆಚೆಯ ಊರಿನದೂ ಏರಿತು, ನೂರಾ ಎಂಬತ್ತು! ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಒಂದೇ ದೊಡ್ಡ ಘಟಕದ ಬದಲು ಎರಡು ಊರಿಗೂ ಒಂದೊಂದು ಚಿಕ್ಕದು ಕೊಡಿ ಎಂದು ವರದಿಯಲ್ಲಿ ಬರೆಯುತ್ತಾರಂತೆ. ಇಪ್ಪತ್ತನೇ ತಾರೀಖು ವರದಿ ಸರ್ಕಾರಕ್ಕೆ ಹೋಗುತ್ತದೆ. ಕೊಡುತ್ತಾರೋ ಬಿಡುತ್ತಾರೋ, ಅದು ಅವರ ಕೈಲಿದೆ.

ಈ ಪತ್ರವನ್ನು ಅಂಚೆಗೆ ಹಾಕಲು ಬಸ್ ಸ್ಟ್ಯಾಂಡಿಗೆ ಹೋಗುವ ಹೊತ್ತಾಯಿತು. ಕಣ್ಣಿಗೆ ತ್ರಾಸ ಕೊಟ್ಟುಕೊಳ್ಳಬೇಡ. ನಿನ್ನ ಹಾಸ್ಟೆಲಿನ ಗೆಳತಿಯರಿಗೆ ನನ್ನ ನಮಸ್ಕಾರ ಹೇಳು. ನಿನಗೆ ಪುಟ್ಟಿಯ ಹಲ್ಲಿಲ್ಲದ ಮುತ್ತು.

ನಿನ್ನವನೇ ಆದ
ಪುಟ್ಟಿಯ ಅಪ್ಪ

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನಿನ್ನೆ ದೊಡ್ಡ ಮೇಡಂ ನಮ್ಮ ಮನೆಯ ಫಾರಂ ತುಂಬಲು ಬಂದಿದ್ದರು. “ಎಷ್ಟು ಜನ?” ಅಂದರೆ ನಾನು ಬಾಯಿ ತೆರೆಯುವ ಮೊದಲೇ ಪುಟ್ಟಿ “ಮೂರು!” ಅಂದಳು. ಆದರೆ ಆರು ತಿಂಗಳು ಒಂದೇ ಸಮ ಹೊರಗಿದ್ದವರನ್ನು ಆ ಮನೆಯವರೆಂದು ಬರೆಯುವ ಹಾಗಿಲ್ಲವಂತೆ. ನಡುವೆ ಒಂದು ರಾತ್ರಿ ಬಂದು ಮಲಗಿದ್ದರೂ ಸಾಕಂತೆ. ಈ ಹತ್ತೊಂಬತ್ತನೇ ತಾರೀಖಿಗೆ ನೀನು ಹೋಗಿ ಆರು ತಿಂಗಳು. ಹೋದ ಎರಡು ಪತ್ರದಲ್ಲಿ, ಅಷ್ಟು ದೂರದಿಂದ ಬರಬೇಡ, ಸುಸ್ತಾಗುತ್ತದೆ ಎಂದು ದೊಡ್ಡಸ್ತಿಕೆಯಿಂದ ಬರೆದಿದ್ದೆನಲ್ಲ, ಅದು ಶುದ್ಧ ಸುಳ್ಳು. ಹದಿಮೂರನೇ ತಾರೀಖು ಭಾನುವಾರ, ಜೊತೆಗೊಂದು ದಿನ ರಜೆ ಕೇಳು. ಮೇಡಂ ನಿನ್ನ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಂಡು ಹೋಗಿದ್ದಾರೆ. ರಬ್ಬರು ಯಾವಾಗಲೂ ಅವರ ಚೀಲದಲ್ಲೇ ಇರುತ್ತದೆ, ನಾನು ನೋಡಿದ್ದೇನೆ. ಬೇಗ ಬಾ.