ಆ ತಮ್ಮನ ಪಾತ್ರ

ಜುಲೈ 3, ಬುಧವಾರ

ಲೈಬ್ರರಿಯ ಫ್ಯಾನ್ ಇಂದೂ ತಿರುಗಲಿಲ್ಲ. ಕೆಳಗಿನ ಕಪಾಟಿನ ಪುಸ್ತಕಗಳಿಗೆಲ್ಲ ನಂಬರ್ ಅಂಟಿಸಿ ಮುಗಿಸಿದೆ. ಬೆರಳಿಗೆಲ್ಲ ಗೋಂದು, ತೊಳೆದರೂ ಹೋಗುತ್ತಿಲ್ಲ.

ಓದುಬಳಗಕ್ಕೆ ಈ ಸಲ ಪುಸ್ತಕ ಆರಿಸಿದವರು ಮಕ್ಕಳೇ. ಕಪ್ಪು ರಟ್ಟಿನ ಆ ಕಾದಂಬರಿ — ಹೊರಗೆ ಎಲ್ಲ ಹುಡುಗರ ಕೈಯಲ್ಲೂ ಅದೇ. ಮೂಗು ಮುರಿದೆ. “ಓದ್ದೇ ಮೂಗು ಮುರೀಬೇಡಿ ಮಿಸ್” ಎಂದ ವಕೀಲ. ಕ್ಲಾಸು ಹತ್ತನೆಯದು, ಬಾಯಿ ಹೈಕೋರ್ಟಿನದು. ಅಡ್ಡಹೆಸರು ಇಟ್ಟವಳು ನಾನಲ್ಲ, ಇಡೀ ಶಾಲೆ.

ಸೋತೆ. ಮನೆಗೆ ತಂದಿದ್ದೇನೆ.

ಜುಲೈ 7, ಭಾನುವಾರ

ಓದಿ ಮುಗಿಸಿದೆ. ಅಡುಗೆ ತಡವಾಯಿತು.

ನೀರು ಸಾಲದ ಒಂದು ಊರು. ಸುತ್ತ ಗೋಡೆ. ಪ್ರತಿ ಮನೆಯಿಂದ ಒಬ್ಬರು ಗೋಡೆಯಾಚೆ ಹೋಗಬೇಕು. ಯಾರು ಎಂದು ಆಳುವವರು ಹೇಳುವುದಿಲ್ಲ — ಅಲ್ಲೇ ಇರುವುದು ವಿಷ — ಮನೆಯವರೇ ಹೇಳಬೇಕು. ಮಡಕೆಯೊಳಗೆ ಕಲ್ಲು. ಬಿಳಿ ಎಂದರೆ ಇರಲಿ, ಕಪ್ಪು ಎಂದರೆ ಹೋಗಲಿ. ಹದಿನಾರರ ನಾಯಕಿಯ ಮಡಕೆ ಬೋರಲು ಹಾಕಿದರೆ ಬರೀ ಕಪ್ಪು. ಅಪ್ಪನದು, ಅಮ್ಮನದು, ಹತ್ತು ವರ್ಷದ ತಮ್ಮನದೂ. ಆಮೇಲೆ ಆಚೆ ಕಡೆಯ ಹಸಿವು, ಹೊಡೆದಾಟ, ಇಬ್ಬರು ಹುಡುಗರ ನಡುವೆ ಸಿಕ್ಕಿಬಿದ್ದ ಒಂದು ಪ್ರೇಮ. ಕೊನೆಗೆ, ಕೆಲವು ವರ್ಷಗಳ ಮೇಲೆ, ದಂಡು ಕಟ್ಟಿಕೊಂಡು ಬಂದು ಗೋಡೆ ಒಡೆಯುತ್ತಾಳೆ.

ಚೆನ್ನಾಗಿದೆ ಎನ್ನಲು ಮನಸ್ಸಿಲ್ಲ. ಕೆಳಗಿಡಲಂತೂ ಆಗಲಿಲ್ಲ.

ಇವರು ಕಡೆಯ ಪುಟ ಮಾತ್ರ ಓದಿ, “ಗೋಡೆ ಬಿತ್ತಲ್ಲ, ಇನ್ನೇನು ಬೇಕು ನಿಂಗೆ?” ಎಂದರು. ನನ್ನ ಗಂಡನ ವಿಮರ್ಶೆ ಯಾವತ್ತೂ ಒಂದು ಸಾಲು ದಾಟಿದ್ದಿಲ್ಲ.

ಜುಲೈ 12, ಶುಕ್ರವಾರ

ಓದುಬಳಗ. ಕುರ್ಚಿ ಸಾಲದೆ ನಾಲ್ಕೈದು ಮಂದಿ ನೆಲದ ಮೇಲೆ ಕೂತರು. ಇಷ್ಟು ಗಲಾಟೆಯ ಚರ್ಚೆ ಎಂದೂ ಆಗಿರಲಿಲ್ಲ.

ವಕೀಲ ಮೊದಲು ಎದ್ದ. “ಅಷ್ಟು ವರ್ಷ ಅಲೆದಾಡಿದ್ಳಲ್ಲ, ಒಂದು ಸಲಾನಾದ್ರೂ ಬಾತ್‌ರೂಮಿಗೆ ಹೋದ್ಳಾ? ನಂಬೋಕಾಗಲ್ಲ.” ಬಿದ್ದು ಬಿದ್ದು ನಕ್ಕರು. ಎರಡು ಜುಟ್ಟಿನವಳು, “ಊಟಕ್ಕೇ ಗತಿಯಿಲ್ಲ, ಇವಳಿಗೆ ಲವ್ವು ಬೇರೆ, ಅದೂ ಇಬ್ಬರು” ಎಂದಳು. ದೀಪ ಆರಿಸದೆ ಮಲಗಿದ್ದೆ ಎಂದು ಒಬ್ಬ ಒಪ್ಪಿಕೊಂಡ. ಇದಕ್ಕಿಂತ ನಮ್ಮ ಪರೀಕ್ಷೆಯೇ ಭಯಂಕರ ಎಂದು ಇನ್ನೊಬ್ಬಳು.

ಆಮೇಲೆ ತಮ್ಮನ ವಿಚಾರ ಬಂತು.

“ಅಪ್ಪ ಅಮ್ಮ ಬಿಡಿ ಮಿಸ್, ದೊಡ್ಡೋರು, ಹಾಗೇ ಇರ್ತಾರೆ. ಈ ತಮ್ಮ! ಅವಳ ಮಡಿಲಲ್ಲಿ ಮಲಗಿ ಬೆಳೆದೋನು.”

“ಕೊನೇಲಿ ಅವನನ್ನ ಸಾಯಿಸಬೇಕಿತ್ತು.”

“ನಿಧಾನವಾಗಿ.”

ಎಲ್ಲರೂ ಹೋ ಎಂದರು. ನಾನೂ ಸುಮ್ಮನಿರಲಿಲ್ಲ. ಲೇಖಕಿ ಅವನನ್ನು ಅಷ್ಟು ಸುಲಭವಾಗಿ ಬಿಟ್ಟದ್ದೇ ಪುಸ್ತಕದ ದೋಷ ಎಂದೆ. ಬುದ್ಧಿವಂತೆಯ ಹಾಗೆ.

ಕಿಟಕಿಯ ಪಕ್ಕ ಕೂರುವವಳು ಆಗ ಬಾಯಿ ತೆರೆದಳು. ಔಷಧಿ ಅಂಗಡಿಯವರ ಕಿರಿಮಗಳು. ವರ್ಷವೆಲ್ಲ ಬಂದರೂ ಮಾತಾಡಿದ್ದೇ ಕಡಿಮೆ.

“ಅವನಿಗೆ ಆಗ ಬರೀ ಹತ್ತು ವರ್ಷ.”

“ಹತ್ತು ವರ್ಷಕ್ಕೆ ಕಪ್ಪು ಬಿಳಿ ಗೊತ್ತಾಗಲ್ವಾ?” — ವಕೀಲ. ಮತ್ತೆ ನಗು.

ಅವಳು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು. ಬೆಲ್ ಆಗುವ ಮುಂಚೆಯೇ ಎದ್ದು ಹೋದಳು. ನೀರಿನ ಬಾಟಲಿ ಇಲ್ಲೇ ಉಳಿದಿದೆ.

ಜುಲೈ 19, ಶುಕ್ರವಾರ

ಓದುಬಳಗಕ್ಕೆ ಅವಳು ಬರಲಿಲ್ಲ. ಬಾಟಲಿಯನ್ನೂ ಕೇಳಿಕೊಂಡು ಬಂದಿಲ್ಲ. ತಮ್ಮನಿಗೆ ಯಾವ ಶಿಕ್ಷೆ ಸರಿ ಎಂದು ಉಳಿದವರು ಇನ್ನೂ ಕಿತ್ತಾಡುತ್ತಿದ್ದರು. ಮಾತು ಬದಲಿಸಿದೆ. ಯಾಕೋ ರುಚಿಸಲಿಲ್ಲ.

ಜುಲೈ 23, ಮಂಗಳವಾರ

ಬಾಟಲಿ ಕೊಡುವ ನೆಪದಲ್ಲಿ ಅವಳ ಕ್ಲಾಸಿಗೆ ಹೋದೆ. ಮಧ್ಯಾಹ್ನದ ಬಿಡುವು. ಒಬ್ಬಳೇ ಕೂತಿದ್ದಳು. ಊಟದ ಡಬ್ಬಿಯ ಮುಚ್ಚಳ ತೆಗೆದೇ ಇರಲಿಲ್ಲ.

“ಪುಸ್ತಕ ಇಷ್ಟ ಆಗಲಿಲ್ವಾ?” ಎಂದೆ.

“ಮಡಕೆ, ಕಲ್ಲು ಎಲ್ಲ ಸುಳ್ಳು ಮಿಸ್. ಹಾಗಿರಲ್ಲ ಅದು.”

“ಮತ್ತೆ ಹೇಗಿರುತ್ತೆ?”

ಬಹಳ ಹೊತ್ತು ಬಾಟಲಿಯ ಮುಚ್ಚಳ ತಿರುಗಿಸಿದಳು. ಆಮೇಲೆ ಹೇಳಿದಳು. ನನ್ನನ್ನು ನೋಡದೆ, ಕಪ್ಪುಹಲಗೆಯನ್ನು ನೋಡುತ್ತ.

ಅವಳ ಅಕ್ಕ ನನಗೂ ಗೊತ್ತು. ಇದೇ ಲೈಬ್ರರಿಯಲ್ಲಿ ಓದಿದವಳು. ಶಾಲೆ ಮುಗಿಸಿ ಅಪ್ಪನ ಅಂಗಡಿಯಲ್ಲಿ ಕೂರುತ್ತಿದ್ದಳು. ಎರಡು ವರ್ಷದ ಹಿಂದೆ ಆ ಅಂಗಡಿಗೆ ಬೀಗ ಬಿದ್ದದ್ದು ಊರಿಗೆಲ್ಲ ಗೊತ್ತು — ಅವಧಿ ಮುಗಿದ ಮಾತ್ರೆ ಮಾರಿದರೆಂದು. ಯಾರು ದೂರು ಕೊಟ್ಟರು ಎಂಬುದು ನನಗೆ ಗೊತ್ತಿರಲಿಲ್ಲ. ಎದೆನೋವಿನ ಮಾತ್ರೆಗೆಂದು ಬಂದ ಒಬ್ಬ ಮುದುಕರ ಕೈಯಿಂದ ಅಕ್ಕ ಆ ಮಾತ್ರೆ ವಾಪಸ್ ಕಿತ್ತುಕೊಂಡಳಂತೆ. ಇದು ತಗೋಬೇಡಿ ಎಂದಳಂತೆ. ಮುದುಕರ ಮಗ ಸುಮ್ಮನಿರಲಿಲ್ಲ, ದೂರು ಕೊಟ್ಟ. ತನಿಖೆಯವರು ಬಂದು ಕೇಳಿದಾಗ ಅಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು.

“ಅವತ್ತು ಅಪ್ಪ ಕೇಳಿದ್ರು. ಇವಳು ಈ ಮನೇಲಿ ಇರೋದು ಯಾರಿಗಾದ್ರೂ ಬೇಕಾ ಅಂತ. ಅಕ್ಕ ಅಲ್ಲೇ ನಿಂತಿದ್ಳು. ಅಮ್ಮ ಪಾತ್ರೆ ತೊಳೀತಾ ಇದ್ರು, ನಲ್ಲಿ ನಿಲ್ಲಿಸಲಿಲ್ಲ. ನಾನು ಟಿವಿ ನೋಡ್ತಾ ಇದ್ದೆ.”

“ನೀನೇನಂದೆ?”

“ಏನೂ ಅನ್ಲಿಲ್ಲ ಮಿಸ್. ತಿರುಗಿ ಕೂಡ ನೋಡ್ಲಿಲ್ಲ. ಅಷ್ಟೇ. ಕಲ್ಲು ಗಿಲ್ಲು ಏನೂ ಬೇಕಾಗಲ್ಲ.”

ಅಕ್ಕ ಅವತ್ತೇ ಮನೆ ಬಿಟ್ಟಳಂತೆ. ಈಗ ಬಸ್ ನಿಲ್ದಾಣದ ಹತ್ತಿರ ಕನ್ನಡಕದ ಅಂಗಡಿಯಲ್ಲಿ ಇದ್ದಾಳಂತೆ. ಇವಳು ಬಸ್ಸಿನಿಂದ ಎಷ್ಟೋ ಸಲ ನೋಡಿದ್ದಾಳೆ. ಇಳಿದಿಲ್ಲ.

ಅವಳ ತಲೆಯ ಮೇಲೆ ಕೈಯಿಟ್ಟೆ. ‘ನಿಧಾನವಾಗಿ’ ಎಂದು ಅವರೆಲ್ಲ ನಕ್ಕಾಗ ಈ ಮಗು ಅಲ್ಲೇ ಕೂತಿತ್ತು. ನನ್ನ ದೊಡ್ಡ ವಿಮರ್ಶೆಯನ್ನೂ ಕೇಳಿಸಿಕೊಂಡಿತ್ತು.

ಜುಲೈ 25, ಗುರುವಾರ

ಹೆಡ್‌ಮೇಡಂ ಕರೆಸಿದರು. ಕೋಣೆಯಲ್ಲಿ ಔಷಧಿ ಅಂಗಡಿಯವರು. ಇಸ್ತ್ರಿ ಮಾಡಿದ ಅಂಗಿ, ಮೊಣಕಾಲ ಮೇಲೆ ಆ ಕಾದಂಬರಿ, ಮಗಳ ಪ್ರತಿ. ಕೂಗಾಡುತ್ತಾರೆ ಎಂದುಕೊಂಡಿದ್ದೆ. ದನಿ ಏರಲೇ ಇಲ್ಲ.

“ನಿನ್ನೆ ಊಟಕ್ಕೆ ಕೂತಾಗ ನನ್ನ ಮಗಳು ಕೇಳ್ತಾಳೆ — ಅಪ್ಪಾ, ನಿಮ್ಮದು ಯಾವ ಬಣ್ಣದ ಕಲ್ಲು ಅಂತ. ಅವಳಮ್ಮ ತಟ್ಟೆ ಬಿಟ್ಟು ಎದ್ದು ಹೋದ್ರು. ಮಕ್ಕಳಿಗೆ ಇಂಥದ್ದನ್ನ ಯಾಕೆ ಓದಿಸ್ತೀರಿ ಮೇಡಂ?”

“ಮಕ್ಕಳೇ ಆರಿಸಿದ್ದು” ಎಂದೆ.

“ಮಕ್ಕಳು ಬೆಂಕೀನೂ ಆರಿಸ್ತಾರೆ.”

ಹೆಡ್‌ಮೇಡಂ ಇಬ್ಬರನ್ನೂ ನೋಡಿ, ಕಡೆಗೆ ನನ್ನತ್ತ ತಿರುಗಿ, “ಸದ್ಯಕ್ಕೆ ಕಪಾಟಿನಿಂದ ತೆಗೀರಿ. ಆಮೇಲೆ ನೋಡೋಣ” ಎಂದರು. ಅವರ ‘ಆಮೇಲೆ’ ಎಂದೂ ಬರುವುದಿಲ್ಲ. ಕಪಾಟಿನಿಂದ ತೆಗೆದೆ. ನನ್ನ ಕೈಚೀಲಕ್ಕೆ ಹಾಕಿಕೊಂಡೆ.

ಸಿಟ್ಟು ಬಂದಿದೆ. ಆದರೆ ಅವರು ಪುಸ್ತಕ ಹಿಡಿದಿದ್ದ ರೀತಿ… ಅರ್ಧಕ್ಕಿಂತ ಮುಂದೆ ಒಂದು ಬೆರಳು ಸಿಕ್ಕಿಸಿಕೊಂಡಿದ್ದರು. ಓದುತ್ತಿದ್ದಾರೆಯೇ ಈ ಮನುಷ್ಯ?

ಜುಲೈ 27, ಶನಿವಾರ

ಕನ್ನಡಕದ ಅಂಗಡಿಗೆ ಹೋದೆ. ನನ್ನ ಕನ್ನಡಕ ಹೇಗೂ ಮೂಗಿನ ಮೇಲೆ ನಿಲ್ಲುವುದಿಲ್ಲ.

ತಕ್ಷಣ ಗುರುತು ಹಿಡಿದಳು. “ಮಿಸ್! ಕೊಡಿ ಇಲ್ಲಿ. ಎಷ್ಟು ಸಡಿಲ ಆಗಿದೆ ನೋಡಿ.” ಸಣ್ಣ ತಿರುಪು ಬಿಗಿ ಮಾಡಿ, ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸಿ, ತಾನೇ ನನ್ನ ಕಿವಿಯ ಮೇಲೆ ಕೂರಿಸಿ ನೋಡಿದಳು. ತೆಳ್ಳಗಾಗಿದ್ದಾಳೆ. ನಗು ಹಾಗೇ ಇದೆ. ಗೆಳತಿಯೊಬ್ಬಳ ಜೊತೆ ಕೋಣೆ ಮಾಡಿಕೊಂಡಿದ್ದಾಳೆ.

ಅಪ್ಪ ಅಮ್ಮನ ಮಾತು ಎತ್ತಲೇ ಇಲ್ಲ. ತಂಗಿಯ ಬಗ್ಗೆ ಮಾತ್ರ ಒಂದು ಪ್ರಶ್ನೆ — “ಬೆಳಗ್ಗೆ ಎದ್ದ ಕೂಡ್ಲೇ ಒಂದೇ ಸಮ ಸೀನ್ತಾಳಲ್ಲ, ಈಗ್ಲೂ ಹಾಗೇನಾ?”

ಅದು ನನಗೆ ಹೇಗೆ ಗೊತ್ತಿರಬೇಕು. ಪುಸ್ತಕ ಕೊಟ್ಟೆ. ನಿನ್ನ ಅಭಿಪ್ರಾಯ ಬೇಕು ಎಂದೆ. ಶಾಲೆಯ ದಿನಗಳ ಹಾಗೆ ಮೊದಲು ಹಿಂದಿನ ರಟ್ಟು ಓದಿದಳು. ಮುಖ ಸ್ವಲ್ಪ ಬಿಗಿಯಾಯಿತು. ಆದರೂ ತೆಗೆದಿಟ್ಟುಕೊಂಡಳು.

ಮಾಡಿದ್ದು ಸರಿಯೋ ತಪ್ಪೋ. ಇವರು, “ಊರ ಉಸಾಬರಿ ನಿನಗೇಕೆ” ಎಂದರು. ಒಂದೇ ಸಾಲು, ಎಂದಿನಂತೆ.

ಆಗಸ್ಟ್ 6, ಮಂಗಳವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ, ಕಾಯುವುದಷ್ಟೇ ಇತ್ತು.

ಇಂದು ಸಂಜೆ ಅಕ್ಕ ಶಾಲೆಯ ಗೇಟಿನ ಹತ್ತಿರ ಪುಸ್ತಕ ಹಿಡಿದು ನಿಂತಿದ್ದಳು. ಒಳಗೆ ಬಾ ಎಂದರೆ ಬರಲಿಲ್ಲ. ರಸ್ತೆಯ ಕೊನೆಯವರೆಗೂ ಜೊತೆಯಲ್ಲಿ ನಡೆದೆವು.

“ಹೊಡೆದಾಟ ಜಾಸ್ತಿ ಆಯ್ತು. ಆಚೆ ಕಡೆ ಹೋದೋರಿಗೆ ಅಷ್ಟೆಲ್ಲ ಹೊಡೆದಾಡೋಕೆ ಎಲ್ಲಿ ಆಗತ್ತೆ ಮಿಸ್? ಬಾಡಿಗೆ ಮನೆ ಹುಡುಕೋದ್ರಲ್ಲೇ ಜೀವ ಹೋಗತ್ತೆ.” ನಕ್ಕಳು. ಆಮೇಲೆ ನಗಲಿಲ್ಲ.

ತಮ್ಮನ ಪಾತ್ರದ ಬಗ್ಗೆ ಮಕ್ಕಳು ಏನೆಂದರು ಎಂದು ಹೇಳಿದೆ. ತಂಗಿ ಏನೆಂದಳು ಎಂಬುದನ್ನೂ.

ನಿಂತುಬಿಟ್ಟಳು. ಹಿಂದೆ ಬರುತ್ತಿದ್ದ ಸೈಕಲಿನವನು ಬೈದುಕೊಂಡು ಸುತ್ತಿ ಹೋದ.

“ಅವನ ಮೇಲೆ ನಂಗೆ ಸಿಟ್ಟಿಲ್ಲ. ಚಿಕ್ಕೋನು, ಮನೇಲಿ ಎಲ್ಲರೂ ಹೆದರಿದಾಗ ಅವನೂ ಹೆದರಿದ. ಅದನ್ನ ಪುಸ್ತಕ ಮುಗಿಯೋದ್ರೊಳಗೆ ಯಾರಾದ್ರೂ ಅವನಿಗೆ ಹೇಳಬೇಕಿತ್ತು. ಆದ್ರೆ ಮಿಸ್…”

“ಆದ್ರೆ?”

“ಆಮೇಲೆ ಅವನು ದೊಡ್ಡೋನಾದ. ಗೋಡೇಲಿ ಬಿರುಕಿತ್ತು, ಅವನಿಗೆ ಗೊತ್ತಿತ್ತು. ಒಂದು ಸಲ ಬಂದು ಇಣುಕಬಹುದಿತ್ತು. ಅವಳು ಕಾಯ್ತಾ ಇದ್ಳು. ಅದು ನಂಗೆ ಸೇರ್ಲಿಲ್ಲ.”

ಪುಸ್ತಕ ನನ್ನ ಕೈಗಿಟ್ಟು ಬಸ್ಸು ಹತ್ತಿದಳು.

ಆಗಸ್ಟ್ 8, ಗುರುವಾರ

ನಿನ್ನೆ ಇಡೀ ದಿನ ಹೇಳಲೋ ಬೇಡವೋ ಎಂದು ಒದ್ದಾಡಿದೆ. ಅಪ್ಪ ಶಾಲೆಯವರೆಗೂ ಬಂದು ಹೋದ ಮೇಲೆ ಮಗಳಿಗೆ ಇದನ್ನು ಹೇಳುವುದೆಂದರೆ ಕೆಲಸಕ್ಕೇ ಕುತ್ತು. ಹೇಳದಿದ್ದರೆ? ನಾನೂ ಟಿವಿ ನೋಡುತ್ತ ಕೂತ ಹಾಗೆ.

ಇಂದು ಹೇಳಿದೆ. ಅಕ್ಕನ ಮಾತುಗಳನ್ನೇ, ಸಕ್ಕರೆ ಬೆರೆಸದೆ. ‘ಸಿಟ್ಟಿಲ್ಲ’ ಎಂಬುದನ್ನೂ, ‘ಸೇರಲಿಲ್ಲ’ ಎಂಬುದನ್ನೂ.

ಅತ್ತಾಳೆಂದುಕೊಂಡಿದ್ದೆ. ಅಳಲಿಲ್ಲ. “ಕಾಯ್ತಾ ಇದ್ಳು ಅಂದ್ಳಾ? ಅದೇ ಮಾತು ಹೇಳಿದ್ಳಾ?” ಎಂದು ಎರಡೆರಡು ಸಲ ಕೇಳಿದಳು. ಹೌದು ಎಂದೆ. ತಲೆಯಾಡಿಸಿ ಕ್ಲಾಸಿಗೆ ಓಡಿದಳು.

ಆಗಸ್ಟ್ 9, ಶುಕ್ರವಾರ, ಮಧ್ಯಾಹ್ನ

ಅವಳು ಇಂದು ಶಾಲೆಗೆ ಬಂದಿಲ್ಲ. ಮನೆಯಿಂದ ಹೊರಟಿದ್ದಾಳೆ, ಇಲ್ಲಿಗೆ ತಲುಪಿಲ್ಲ. ಆಫೀಸಿನವರು ಮನೆಗೆ ಫೋನ್ ಮಾಡಿದರಂತೆ. ಎಲ್ಲಿಗೆ ಹೋಗಿರಬಹುದೆಂದು ನನಗೊಬ್ಬಳಿಗೇ ಗೊತ್ತು. ಅಂಗಡಿಗೆ ಫೋನ್ ಹಚ್ಚಿದೆ. ಅಕ್ಕನೇ ಎತ್ತಿದಳು.

“ಇಲ್ಲೇ ಇದ್ದಾಳೆ ಮಿಸ್. ಬಾಗಿಲು ತೆರೆಯೋ ಮುಂಚೆ ಬಂದು ನಿಂತಿದ್ಳು. ಒಂದೇ ಸಮ ಸೀನ್ತಾ ಇದ್ದಾಳೆ.” ಹಿಂದೆ ಯಾರೋ ಅಳುತ್ತ ನಗುತ್ತಿದ್ದ ಸದ್ದು.

ಹೋದ ಜೀವ ಬಂದಂತಾಯಿತು. ಹೆಡ್‌ಮೇಡಂಗೆ ಹುಡುಗಿ ಸುರಕ್ಷಿತ ಎಂದು ತಿಳಿಸಿ ಬಂದೆ. ಹೇಗೆ ಗೊತ್ತು ಎಂದರು. ಅದನ್ನೂ ಹೇಳಿದೆ. ಮುಖ ಗಂಟಿಕ್ಕಿಕೊಂಡರು. ನಾಳೆ ಮಾತಾಡೋಣ ಎಂದರು. ಮಾತಾಡೋಣ.

ಅದೇ ದಿನ, ಮೂರು ಗಂಟೆ

ಔಷಧಿ ಅಂಗಡಿಯವರು ಬಂದಿದ್ದಾರೆ. ನೇರ ಲೈಬ್ರರಿಗೇ. ಅಂಗಿಗೆ ಇಸ್ತ್ರಿ ಇಲ್ಲ. ಮಕ್ಕಳ ಕುರ್ಚಿಯಲ್ಲಿ ಕೂತರು, ಮೊಣಕಾಲು ಎದೆಗೆ ಬಂದಿತ್ತು.

“ಚಿಕ್ಕೋಳು ಅವಳ ಹತ್ರ ಹೋಗಿದ್ದಾಳಂತೆ. ಎಲ್ಲಿದ್ದಾಳೆ ಅವಳು?”

ಎರಡು ವರ್ಷ. ಒಂದೇ ಊರು. ಎಲ್ಲಿದ್ದಾಳೆ ಎಂದು ವಿಚಾರಿಸಿಯೂ ಇಲ್ಲ.

“ಅವಳನ್ನ ಕೇಳದೆ ಹೇಳಲ್ಲ” ಎಂದೆ. ಈ ಸಲ ಕೂಗಾಡುತ್ತಾರೆ, ಕೂಗಾಡಲಿ. ಅವರು ನೆಲ ನೋಡುತ್ತಿದ್ದರು.

“ತಪ್ಪು ನಂದೇ ಅಂತ ಅವತ್ತೇ ಗೊತ್ತಿತ್ತು ಮೇಡಂ. ಗೊತ್ತಿದ್ದದ್ದಕ್ಕೇ ಅವಳ ಮುಖ ನೋಡಕ್ಕಾಗ್ತಿರಲಿಲ್ಲ. ಎದುರಿಗೆ ಇಲ್ದಿದ್ರೆ ಸಾಕು ಅನ್ನಿಸ್ತು.” ಆಮೇಲೆ ಕಪಾಟಿನ ಕಡೆ ನೋಡಿ, “ಆ ಪುಸ್ತಕದಲ್ಲಿ ಅಪ್ಪ ಅನ್ನೋನಿಗೆ ಆಮೇಲೆ ಏನಾಯ್ತು ಅಂತ ಬರೆದೇ ಇಲ್ಲ.”

ಹೌದು. ಬರೆದಿಲ್ಲ. ಇಷ್ಟು ಮಂದಿ ಓದಿದೆವು, ಯಾರೂ ಅದನ್ನು ಕೇಳಿರಲಿಲ್ಲ.

ಫೋನ್ ಹಚ್ಚಿದೆ. ನಿಮ್ಮಪ್ಪ ಇಲ್ಲಿದ್ದಾರೆ, ನಿನಗೆ ಬೇಡವಾದರೆ ಈಗಲೇ ಇಡುತ್ತೇನೆ ಎಂದೆ. ಆ ಕಡೆ ಅಂಗಡಿಯ ಬಾಗಿಲು ಎಳೆದುಕೊಂಡ ಸದ್ದು. ಆಮೇಲೆ, “ಕೊಡಿ ಮಿಸ್.”

ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದರು. ಗಂಟಲು ಸರಿಮಾಡಿಕೊಂಡರು. ಮತ್ತೆ ಮಾಡಿಕೊಂಡರು. ಕೊನೆಗೆ,

“ಊಟ ಆಯ್ತಾ?” ಎಂದರು.

ನಾನು ಎದ್ದು ವರಾಂಡಕ್ಕೆ ಬಂದೆ. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಗಾಜಿನೊಳಗಿಂದ ಕಾಣುತ್ತಾರೆ. ಇನ್ನೂ ಕಿವಿಗೆ ಹಿಡಿದೇ ಇದ್ದಾರೆ. ಬರೀ ಕೇಳುತ್ತಿದ್ದಾರೆ. ಆ ಕಡೆಯಿಂದ ಅವಳೇ ಏನೋ ಹೇಳುತ್ತಿದ್ದಾಳೆ, ತುಂಬ ಹೊತ್ತಿನಿಂದ. ಒಳ್ಳೆಯದೇ ಹೇಳುತ್ತಿರಬೇಕೆಂದೇನೂ ಇಲ್ಲ. ಇಡುತ್ತಿಲ್ಲ, ಅಷ್ಟು ಸಾಕು. ಈಗ ಎದ್ದು ನಿಂತರು. ಕಿಟಕಿಯ ಕಡೆ ತಿರುಗಿ, ಅಂಗೈಯಿಂದ ಮುಖ ಒರೆಸಿಕೊಂಡರು.