ದಿಕ್ಸೂಚಿ ಇಟ್ಟು ಹಾಕಿದ ಬದು

ಧರೆಪ್ಪಣ್ಣಗ,

ಬದುವಿನ ಈಚಿ ಕಡಿಂದ ನಿನ್ನ ಕಾಕಾನ ಮಗ ಸಿದ್ದಲಿಂಗನ ನಮಸ್ಕಾರ. ನೀ ಫೋನ್ ಎತ್ತೂದಿಲ್ಲ, ಅದಕ್ಕ ಈ ಪತ್ರಾನ ಬಾಯಿಲೇ ಹೇಳಿ ವಾಟ್ಸಾಪಿಗೆ ಬಿಡಾಕತ್ತೀನಿ. ಪೂರಾ ಕೇಳು.

ಮೂರು ವರ್ಷದ ಹಿಂದ ಹೊಳಿ ಬಂದು ನಮ್ಮಿಬ್ಬರ ನಡುವಿನ ಬದು ಕೊಚ್ಚಿಕೊಂಡು ಹೋತು. ಅಜ್ಜ ಹೊಲಾ ಪಾಲ ಮಾಡಿದಾಗಿನ ವಾಟಣಿ ನಕಾಶಿ ಹಿಡದು, ದಿಕ್ಸೂಚಿ ಇಟ್ಟು, ಹೊಸಾ ಬದು ನಾನ ಹಾಕಿದೆ. ನೀ ‘ಡೊಂಕ ಐತಿ ಲೇ’ ಅಂದಿ. ‘ಇಪ್ಪತ್ತು ವರ್ಷ ಹಡಗ ನಡಿಸೀನಿ, ನನಗ ಕಲಸ್ತಿ ಏನ?’ ಅಂದೆ. ಅವತ್ತಿಂದ ನಮ್ಮ ಮಾತ ನಿಂತಾವ.

ನಿನ್ನೆ ಟ್ರಂಕಿನ್ಯಾಗಿನ ಹಳೇ ಸಮುದ್ರದ ನಕಾಶಿ ಬಿಚ್ಚಿದೆ. ಅದರಾಗ ದಿಕ್ಕಿನ ಚಕ್ರದ ನಡುವ ಇಸವಿ ಬರದಿರತಾರ, ಯಾಕಂದ್ರ ಸೂಜಿ ತೋರಸೂ ಉತ್ತರ ವರ್ಷಾ ವರ್ಷಾ ಚೂರು ಸರೀತೈತಿ. ಹಡಗದಾಗ ಅದನ್ನ ದಿನಾ ತಿದ್ದತಿದ್ದೆ, ಹೊಲದಾಗ ಮರತೆ. ಅಜ್ಜನ ನಕಾಶಿಗೆ ಎಪ್ಪತ್ತು ವರ್ಷ ಆಗೇತಿ! ಒಂದು ಡಿಗ್ರಿ ತಪ್ಪೈತಿ, ಬದುವಿನ ತುದಿಗೆ ಹನ್ನೊಂದು ಫೂಟ ನಿನ್ನ ಹೊಲದಾಗ ಬಂದೀನಿ. ಇದರಾಗ ಸಂಶೇ ಇಲ್ಲ.

ಸೋಮವಾರ ಹಗ್ಗಾ ತಗೊಂಡು ಬಾ, ಒಂದು ತುದಿ ನೀ ಹಿಡಿ, ಬದು ಸರಿ ಮಾಡಿ ಹಾಕೋಣು. ನಾ ಹಚ್ಚಿದ ದ್ರಾಕ್ಷಿ ಸಾಲ ನಿನ್ನ ಕಡೆ ಬರತೈತಿ. ಕೀಳಬ್ಯಾಡ, ಗೊನಿ ಚಲೋ ಹಿಡದಾವ. ಕೊಯ್ಯೂವಾಗ ನನ್ನೂ ಕರಿ.

ನಿನ್ನ ತಮ್ಮ,
ಸಿದ್ದಲಿಂಗ, ಶೇಡಬಾಳ