ಹಾವೇರಿಯ ಸಂಘದಿಂದ ಬಂದ ಸೀಸೆ

ಬ್ಯಾಡಗಿ
ತಾ. 3 ಮಾರ್ಚ್ 2005

ಪ್ರೀತಿಯ ಅಪ್ಪಾ,

ನಿನ್ನ ಕಿರಿಮಗಳು ಸುರೇಖಾಳ ನಮಸ್ಕಾರ. ಹೇಗಿದ್ದೀ? ಮೊಣಕಾಲು ನೋವು ಕಡಿಮೆಯಾಯಿತೇ, ಅಥವಾ ಸೊಲ್ಲಾಪುರಕ್ಕೆ ಹೋದ ಮೇಲೂ ಎಣ್ಣೆ ಹಚ್ಚಿಕೊಳ್ಳಲು ಸೋಮಾರಿತನವೇ? ಶಿಲ್ಪಕ್ಕನ ಹೊಸ ಮನೆಯ ಗೋಡೆ ಎಲ್ಲಿಯವರೆಗೆ ಎದ್ದಿತು? ಗೌಂಡಿಗಳಿಗೆ ಹೇಳಿಕೊಡಲು ನೀನೇ ಏಣಿ ಹತ್ತುತ್ತೀಯೆಂದು ಅಕ್ಕ ದೂರು ಹೇಳಿದಳು. ದಯವಿಟ್ಟು ಕೆಳಗೆ ಕುರ್ಚಿ ಹಾಕಿಕೊಂಡು ಕೂತು ಬೈಯಿ, ಅಲ್ಲಿಂದಲೂ ಅವರಿಗೆ ಕೇಳಿಸುತ್ತದೆ. ಇಲ್ಲಿ ಅವ್ವ ಆರಾಮವಾಗಿದ್ದಾಳೆ. ಮಾರುಕಟ್ಟೆ ಯಾರ್ಡಿಗೆ ಮೆಣಸಿನಕಾಯಿ ವಿಪರೀತ ಬಂದಿದೆ, ಇಡೀ ಓಣಿ ಸೀನುತ್ತಿದೆ. ನೀನು ಇಲ್ಲದ್ದಕ್ಕೆ ಮನೆಯಲ್ಲಿ ರೇಡಿಯೋ ಮೆಲ್ಲಗೆ ಮಾತಾಡುತ್ತದೆ ಎಂದು ಅವ್ವ ಹೇಳುತ್ತಾಳೆ. ಅದು ಹೊಗಳಿಕೆಯೋ ದೂರೋ ನನಗೆ ತಿಳಿಯಲಿಲ್ಲ.

ನಾನು ಸಂಘ ಸೇರಿದೆ. ನೀನು ರೈಲು ಹತ್ತುವಾಗಲೂ, "ಸೊಸೈಟಿ ಅಂತೀ, ಸೀಮಿಎಣ್ಣಿ ಕೊಡಂಗಿಲ್ಲ, ಸಾಲಾನೂ ಕೊಡಂಗಿಲ್ಲ, ಮತ್ತ ಎದಕ್ಕ ಬೇಕವ್ವಾ ಅದು?" ಎಂದು ಕೇಳಿದ್ದೆ. ಅಪ್ಪಾ, ಇದು ರೇಷನ್ ಸೊಸೈಟಿ ಅಲ್ಲ ಎಂದು ಎಷ್ಟು ಸಲ ಹೇಳಲಿ? ಲ್ಯಾಬುಗಳಲ್ಲಿ ರಕ್ತ ಪರೀಕ್ಷೆ ಮಾಡುವ ನನ್ನಂಥವರ ಸಂಘ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಬಂದಾಗಿನಿಂದ ಮೆಣಸಿನಕಾಯಿ ವ್ಯಾಪಾರಿ ಸೋಮಣ್ಣನವರ ಲ್ಯಾಬಿನಲ್ಲಿ ನಾನೊಬ್ಬಳೇ. ನಾನು ಬರೆದುಕೊಟ್ಟ ಅಂಕಿಯೇ ಕೊನೆಯ ಮಾತು. ಅದು ಸರಿಯೋ ತಪ್ಪೋ ಎಂದು ಕೇಳುವವರು ಈ ಊರಿನಲ್ಲಿ ಯಾರೂ ಇಲ್ಲ. ಸಂಘದವರು ಸದಸ್ಯರಿಗೆ ಆಗಾಗ ಒಂದು ಸೀಸೆ ಕಳಿಸುತ್ತಾರೆ. ಅದರಲ್ಲಿ ಸಕ್ಕರೆ ಎಷ್ಟಿದೆಯೆಂದು ಅವರಿಗೆ ಮಾತ್ರ ಗೊತ್ತು. ನಾವು ಪರೀಕ್ಷೆ ಮಾಡಿ ಉತ್ತರ ಕಳಿಸಿದರೆ, ನಮ್ಮ ಲ್ಯಾಬು ಎಷ್ಟರಮಟ್ಟಿಗೆ ನೆಟ್ಟಗಿದೆಯೆಂದು ತಿಳಿಸುತ್ತಾರೆ. ನನಗೆ ಬೇಕಾಗಿದ್ದುದು ಇಷ್ಟೇ.

ಇಷ್ಟಕ್ಕಾಗಿ ನಾನು ತಿರುಗಿದ ತಿರುಗಾಟ ಕೇಳು. ನನ್ನನ್ನು ಬಲ್ಲ ಸದಸ್ಯರೊಬ್ಬರ ಶಿಫಾರಸು ಬೇಕೆಂದರು. ಬ್ಯಾಡಗಿಯಲ್ಲಿ ಸದಸ್ಯರೇ ಇಲ್ಲ, ರಾಣೇಬೆನ್ನೂರಿಗೆ ಹೋದೆ. ಹೋದ ದಿನ ಅವರು ಮದುವೆಗೆ ಹೋಗಿದ್ದರು, ಮತ್ತೆ ಹೋದೆ. ಅಲ್ಲಿಂದ ಹಾವೇರಿಗೆ, ಕಾರ್ಯದರ್ಶಿ ಸಿದ್ದಲಿಂಗಪ್ಪನವರ ಬಳಿ. ಅವರು ನನ್ನ ಮಾರ್ಕ್ಸ್ ಕಾರ್ಡಿನ ಕಡೆ ನೋಡಲೂ ಇಲ್ಲ. "ಮನ್ಯಾಗ ಒಪ್ಯಾರೇನ್ರಿ? ಮಾಲಕರು ಒಪ್ಯಾರೇನ್ರಿ?" ಎಂದರು. ಗಂಡಸರು ಬಂದರೂ ಹೀಗೆಯೇ ಕೇಳುತ್ತೀರಾ ಎಂದಿದ್ದಕ್ಕೆ ಚಹಾ ತರಿಸಿದರು. ಇತ್ತ ಸೋಮಣ್ಣನವರು, "ಸಂಘ ಅಂದ್ರ ನಾಳೆ ಬಾಗಲದಾಗ ಧರಣಿ ಕುಂದರ್ತೀರಿ" ಎಂದು ಒಂದು ವಾರ ಮುಖ ಕೊಟ್ಟು ಮಾತಾಡಲಿಲ್ಲ. ಒಬ್ಬಳೇ ಧರಣಿ ಕೂರುವುದು ಹೇಗೆ ಎಂದು ಕೇಳಿದ ಮೇಲೆ ಒಪ್ಪಿದರು. ಕೊನೆಗೆ ಸಂಘದ ಸಭೆಗೆ ಹೋದರೆ ಅಲ್ಲಿ, "ಹೆಣ್ಮಗಳು ಬಂದೀರಿ, ಪ್ರಾರ್ಥನಾ ನೀವ ಹಾಡ್ರಿ" ಎಂದು ಸಿದ್ದಲಿಂಗಪ್ಪನವರೇ ಮೈಕು ಕೈಗೆ ಕೊಟ್ಟರು. ನನ್ನ ಕಂಠ ನಿನಗೆ ಗೊತ್ತೇ ಇದೆ. ಹಾಡಿದೆ. ಇನ್ನು ಮೇಲೆ ಕೇಳುವುದಿಲ್ಲ ಅನಿಸುತ್ತದೆ.

ಕಳೆದ ತಿಂಗಳು ಮೊದಲ ಸೀಸೆ ಬಂತು. ಪರೀಕ್ಷೆ ಮಾಡಿದೆ, ಉತ್ತರ ಕಳಿಸಿದೆ, ಶಹಬ್ಬಾಸ್ ಬರುತ್ತದೆಂದು ಕಾದೆ. ಬಂದದ್ದು ಸಿದ್ದಲಿಂಗಪ್ಪನವರ ಫೋನು. "ಸುರೇಖಾ ಅವ್ರ, ಸೀಸೆದಾಗ ಸಕ್ಕರಿ ಮುನ್ನೂರರ ಮ್ಯಾಲ ಐತ್ರಿ. ನೀವು ನೂರಾ ಎಂಬತ್ತು ಅಂತ ಬರದೀರಿ. ಔಷಧ ಒಮ್ಮಿ ನೋಡ್ರಿ" ಎಂದರು. ಪ್ರಾರ್ಥನೆ ಹಾಡಿಸಿದ ಅದೇ ಮನುಷ್ಯ ಅಂದು ಎಷ್ಟು ಸಮಾಧಾನದಿಂದ ಮಾತಾಡಿದರೆಂದರೆ, ನನಗೆ ಅವರ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ. ನೋಡಿದೆ. ಸಂಕ್ರಾಂತಿ ಹೊತ್ತಿಗೆ ಸೋಮಣ್ಣನವರು ಎಲ್ಲಿಂದಲೋ ಅಗ್ಗಕ್ಕೆ ತಂದಿದ್ದ, ರಕ್ತಕ್ಕೆ ಬೆರೆಸಿ ಸಕ್ಕರೆ ಅಳೆಯುವ ಔಷಧ, ಮೇಲೆ ದಿನವೂ ಕರೆಂಟು ಹೋಗಿ ಫ್ರಿಜ್ಜು ಬೆಚ್ಚಗಾಗಿ, ಅರ್ಧ ಸತ್ತೇ ಹೋಗಿತ್ತು. ಸಕ್ಕರೆ ಕಡಿಮೆ ಇದ್ದವರದನ್ನು ಸರಿಯಾಗಿಯೇ ತೋರಿಸುತ್ತಿತ್ತು. ಹೆಚ್ಚಿದ್ದವರದನ್ನು ಇಳಿಸಿ ತೋರಿಸುತ್ತಿತ್ತು. ನಾನು ಬೆಳಿಗ್ಗೆ ಯಂತ್ರ ಸರಿಯಿದೆಯೇ ಎಂದು ನೋಡಲು ಇಟ್ಟುಕೊಂಡಿದ್ದ ಮಾದರಿ ಕಡಿಮೆ ಸಕ್ಕರೆಯದು. ಹಾಗಾಗಿ ದಿನವೂ ಎಲ್ಲ ಸರಿಯಾಗಿಯೇ ಕಂಡಿತ್ತು.

ಸಂಕ್ರಾಂತಿಯಿಂದ ಈಚೆ ಸಕ್ಕರೆ ನೋಡಿಸಿಕೊಂಡವರನ್ನೆಲ್ಲ ಮತ್ತೆ ಕರೆಯಬೇಕು ಎಂದೆ. ಸೋಮಣ್ಣನವರು ಯಾರ್ಡಿನಿಂದ ಆಗಷ್ಟೇ ಬಂದಿದ್ದರು, ಅಂಗಿಯ ತುಂಬ ಕೆಂಪು ಧೂಳು. "ಮೆಣಸಿನಕಾಯಿ ಚೀಲ ಮಾರಿದ ಮ್ಯಾಲ ವಾಪಸ್ ಕರದು ತೂಗತೇವೇನವ್ವಾ?" ಎಂದರು. ಇವು ಚೀಲಗಳಲ್ಲ ಎಂದೆ. "ಲ್ಯಾಬಿನ ಹೆಸರು ಹೋಗತೈತಿ. ನೀ ಸುಮ್ಮನ ಹೊಸ ಔಷಧ ಹಾಕಿ ಕೆಲಸ ನೋಡು" ಎಂದು ಕೀಲಿ ಗೊಂಚಲು ಮೇಜಿನ ಮೇಲೆ ಎಸೆದರು. ನಾನು ಕೋಟು ಬಿಚ್ಚಿ ಆ ಗೊಂಚಲಿನ ಮೇಲೆಯೇ ಇಟ್ಟು ಹೊರಗೆ ಬಂದೆ. ಕೆಲಸ ಹೋಯಿತೆಂದೇ ತಿಳಿದಿದ್ದೆ. ಆದರೂ ನೆನಪಿದ್ದವರ ಮನೆಗಳಿಗೆ ನಡೆದೇ ಹೋಗಿ, ಮತ್ತೆ ನೋಡಿಸಿಕೊಳ್ಳಿ ಎಂದೆ. ಜನ ಬೈದರು. ಒಬ್ಬಾಕೆ ಬಾಗಿಲಲ್ಲೇ ನಿಂತು, "ಆವತ್ತೂ ಸೂಜಿ ಚುಚ್ಚಿದಿ, ಈಗ ಮತ್ತ ಚುಚ್ಚಿಸ್ಕೋ ಅಂತೀ, ನಿನಗೇನು ಚಟಾ ಐತೇನು?" ಎಂದಳು.

ಖತೀಜಾಬಿಯನ್ನು ನೀನು ನೋಡಿರಬೇಕು, ಕೋಲ್ಡ್ ಸ್ಟೋರೇಜಿನ ಹಿಂದೆ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುವಾಕೆ. ಅವಳ ಕಾಲ್ಬೆರಳಿನ ಗಾಯ ಮಾಯದೆ ಒಂದು ತಿಂಗಳಾಗಿತ್ತು. ಸಕ್ಕರೆ ಅಷ್ಟೇನೂ ಇಲ್ಲವೆಂದು ನಾನೇ ಬರೆದುಕೊಟ್ಟಿದ್ದೆ. ಅದನ್ನೇ ನಂಬಿ ಅರಿಶಿನ ಹಚ್ಚಿಕೊಂಡು ಕೆಲಸಕ್ಕೆ ಬರುತ್ತಿದ್ದಳು. ಬಟ್ಟೆ ಬಿಚ್ಚಿ ತೋರಿಸಿದಾಗ ಬೆರಳು ಕಪ್ಪಾಗಿತ್ತು. ಆಟೋದಲ್ಲಿ ಕೂರಿಸಿಕೊಂಡು ಹಾವೇರಿಗೆ ಹೋದೆ. ದಾರಿಯುದ್ದಕ್ಕೂ ಅವಳೇ, "ನೀ ಯಾಕ ಅಳಾಕತ್ತೀಯವ್ವಾ" ಎಂದು ನನ್ನ ಬೆನ್ನು ಸವರಿದಳು. ಸಿದ್ದಲಿಂಗಪ್ಪನವರೇ ಆಸ್ಪತ್ರೆಗೆ ಬಂದು ರಕ್ತ ತೆಗೆದರು. ಸಕ್ಕರೆ ನಾನೂರರ ಹತ್ತಿರ. ಒಂದು ಬೆರಳು ತೆಗೆದರು, ಕಾಲು ಉಳಿಯಿತು. ಇನ್ನೊಂದು ವಾರ ಬಿಟ್ಟಿದ್ದರೆ ಪಾದವೇ ಹೋಗುತ್ತಿತ್ತು ಎಂದರು ಡಾಕ್ಟರು.

ಇದು ಯಾರ್ಡಿನಲ್ಲಿ ಸುದ್ದಿಯಾಯಿತು. ಮರುದಿನ ಸೋಮಣ್ಣನವರು ನಮ್ಮ ಮನೆಗೇ ಬಂದು ಕಟ್ಟೆಯ ಮೇಲೆ ಕೂತು, ಅವ್ವನ ಕೈಯಿಂದ ನೀರು ಇಸಿದುಕೊಂಡು ಕುಡಿದು, ನನ್ನ ಕೋಟನ್ನು ಚೀಲದಿಂದ ತೆಗೆದು ಕೊಟ್ಟರು. ಒಗೆಸಿ ಇಸ್ತ್ರಿ ಮಾಡಿಸಿದ್ದರು. "ಎಲ್ಲಾರನ್ನೂ ಕರಿ. ದುಡ್ಡು ಇಸ್ಕೋಬ್ಯಾಡ" ಎಂದರು, ಅಷ್ಟೇ. ಹೊಸ ಔಷಧ ಬಂದಿದೆ, ಫ್ರಿಜ್ಜಿಗೆ ಬ್ಯಾಟರಿ ಬಂದಿದೆ. ಜನ ಬರುತ್ತಿದ್ದಾರೆ, ಬೈಯುತ್ತಲೇ ಕೈ ಚಾಚುತ್ತಿದ್ದಾರೆ. ಈಗ ಸೋಮಣ್ಣನವರದು ಹೊಸ ಕಾಟ. ಲ್ಯಾಬು ಸಂಘದ ಸದಸ್ಯತ್ವ ಪಡೆದಿದೆಯೆಂದು ಬಾಗಿಲ ಮೇಲೆ ಬೋರ್ಡು ಬರೆಸುತ್ತಿದ್ದಾರೆ. ಸದಸ್ಯೆ ನಾನು, ಲ್ಯಾಬು ಅಲ್ಲ ಎಂದರೆ, "ಎರಡೂ ಒಂದ ಅಲ್ಲೇನು" ಎನ್ನುತ್ತಾರೆ. ಇವರಿಗೆ ಏನು ಹೇಳಲಿ.

ಅಕ್ಕನಿಗೆ, ಭಾವನಿಗೆ ನನ್ನ ನೆನಪು ಹೇಳು. ಅವ್ವ ನಿನಗೆ ಕಸೂತಿ ಹಾಕಿದ ದಿಂಬಿನ ಚೀಲ ಕಳಿಸುತ್ತಾಳಂತೆ. ನಿನ್ನ ಆಶೀರ್ವಾದ ಇರಲಿ.

ನಿನ್ನ ಮಗಳು
ಸುರೇಖಾ

ತಾ.ಕ.: ಅಂಚೆಯವನು ಕಟ್ಟೆಯ ಮೇಲೆ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಇದನ್ನು ಮೊದಲೇ ಬರೆದಿದ್ದರೆ ನೀನು ಪತ್ರ ಮಡಚಿಡುತ್ತಿದ್ದೆ, ಅದಕ್ಕೇ ಖತೀಜಾಬಿಯ ಕಥೆ ಮೊದಲು ಹೇಳಿದೆ. ಸೊಲ್ಲಾಪುರಕ್ಕೆ ಹೊರಡುವ ಮುಂಚೆ ನಿನ್ನ ರಕ್ತ ನೋಡಿದ್ದೂ ಅದೇ ಔಷಧದಲ್ಲಿ. ಫೋನಿನಲ್ಲಿ ಹೇಳಲು ಹೋದರೆ, "ಮಗಳ ಕೈಯಾಗ ಮಾಡಿಸೇನಿ, ತಪ್ಪಿರಂಗಿಲ್ಲ" ಎಂದು ನೀನು ಫೋನು ಇಟ್ಟುಬಿಟ್ಟೆ. ಅಪ್ಪಾ, ಮಗಳ ಕೈಯಲ್ಲೇ ತಪ್ಪಿದೆ. ಈ ಪತ್ರ ಮುಟ್ಟಿದ ಮರುದಿನ ಬೆಳಿಗ್ಗೆ ಚಹಾ ಕುಡಿಯಬೇಡ, ಬರೀ ಹೊಟ್ಟೆಯಲ್ಲಿ ಅಕ್ಕನ ಜೊತೆ ಅಲ್ಲಿಯ ಆಸ್ಪತ್ರೆಗೆ ಹೋಗಿ ಮತ್ತೆ ನೋಡಿಸು. ಎಷ್ಟೇ ಬರಲಿ, ನನಗೆ ಸುಳ್ಳು ಹೇಳಬೇಡ. ನನ್ನನ್ನು ನಂಬಿದ್ದಕ್ಕೆ ನಿನಗೆ ಏನಾದರೂ ಆದರೆ ನಾನು ಇನ್ನು ಯಾರ ಕೈಗೂ ಸೂಜಿ ಮುಟ್ಟಿಸಲಾರೆ.